ಅಕ್ಷರಮಾಲೆಯ ದಾರಿಯಲ್ಲಿ ಗಡಿನಾಡಿನ ಅಡುಗೆಮನೆ

ಚಂದ್ರಗಿರಿ ಹೊಳೆಯಿಂದ ಮಂಜೇಶ್ವರದವರೆಗೆ ಹಬ್ಬಿದ ನಮ್ಮ ಸೀಮೆಯನ್ನು ಅರಿಯಲು ಹಲವು ದಾರಿಗಳಿವೆ. ಕಳೆದ ಬೇಸಗೆ ರಜೆಯಲ್ಲಿ ನಮ್ಮ ಮನೆಯವರು ಹಿಡಿದುದು ಅಕ್ಷರಮಾಲೆಯ ದಾರಿಯನ್ನು. ಐದನೆಯ ತರಗತಿಯ ಮಗಳು ಹೂಡಿದ ಪಂಥವಿದು: ಅಕಾರದಿಂದ ಳಕಾರದವರೆಗೆ ಒಂದೊಂದು ಅಕ್ಷರಕ್ಕೆ ಒಂದೊಂದು ಮನೆಯಡುಗೆ. ನಿಬಂಧನೆಗಳನ್ನು ಬರೆಯುವ ಕೆಲಸ ವಕೀಲನಾದ ನನ್ನ ಪಾಲಿಗೆ ಬಂತು. ತಿನಿಸು ಮನೆಯಲ್ಲೇ ಆಗಬೇಕು. ಅದರ ಹೆಸರು ನಮ್ಮೂರ ಬಾಯಲ್ಲಿ ಬಳಕೆಯಲ್ಲಿರಬೇಕು. ಪದದ ಆದಿಯಲ್ಲಿ ಬಾರದ ಣ, ಳಗಳು ನಡುವೆ ಬಂದರೂ ಸಾಕು. ಋ, ಙ, ಞಗಳಿಗೆ ಮೊದಲೇ ವಿನಾಯಿತಿ. ತೀರ್ಪು ನನ್ನ ತಾಯಿಯವರದು.

ಅಕಾರಕ್ಕೆ ಅಪ್ಪ. ಮಧುವಾಹಿನಿಯ ದಂಡೆಯ ಮಧೂರು ದೇವಾಲಯದ ಪ್ರಸಾದವಾಗಿ ನಾಡೆಲ್ಲ ಬಲ್ಲ ತಿನಿಸು. ಅಕ್ಕಿ, ಬೆಲ್ಲ, ಬಾಳೆಹಣ್ಣು, ತೆಂಗಿನಕಾಯಿ ರುಬ್ಬಿದ ಹಿಟ್ಟು ಗುಳಿಯಲ್ಲಿ ತುಪ್ಪದೊಡನೆ ಬೇಯುವಾಗಿನ ಪರಿಮಳದಲ್ಲೇ ಮಧೂರಿನ ಪ್ರಾಂಗಣ ನೆನಪಾಗುತ್ತದೆ. ಈಕಾರಕ್ಕೆ ಮಗಳು ಈರುಳ್ಳಿ ಬಜೆಯನ್ನು ಸೂಚಿಸಿದಳು. "ನಮ್ಮಲ್ಲಿ ಅದು ನೀರುಳ್ಳಿ" ಎಂದು ಅಜ್ಜಿ ಅರ್ಜಿಯನ್ನು ವಜಾ ಮಾಡಿದರು.

ಉಕಾರಕ್ಕೆ ಉಪ್ಪುಸೊಳೆಯ ರೊಟ್ಟಿ. ಬಲಿತ ಹಲಸಿನ ಸೊಳೆಯನ್ನು ಉಪ್ಪು ಬೆರೆಸಿ ಭರಣಿಯಲ್ಲಿ ತುಂಬಿಟ್ಟು, ಮಳೆಗಾಲದಲ್ಲಿ ತೆಗೆದು, ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ, ಅಕ್ಕಿ ಹಾಗೂ ತೆಂಗಿನತುರಿಯೊಡನೆ ರುಬ್ಬಿ ತಟ್ಟುವ ರೊಟ್ಟಿ ಇದು. ಮೇ ತಿಂಗಳ ಸಮೃದ್ಧಿಯನ್ನು ಆಷಾಢದ ಬಡತನಕ್ಕೆ ದಾಟಿಸಿದ ಹಿರಿಯರ ಜಾಣ್ಮೆ ಆ ಭರಣಿಯಲ್ಲಿದೆ. ಒಕಾರಕ್ಕೆ ಒಂದೆಲಗದ ತಂಬುಳಿ. ತೋಟದ ಬದುವಿನಲ್ಲಿ ಅದನ್ನು ಕೊಯ್ಯುವಾಗ, ತುಳುವಿನಲ್ಲಿ ಇದು ತಿಮರೆ, ಮಲಯಾಳದಲ್ಲಿ ಮುತ್ತಿಳ್ ಎಂದು ಮಗಳಿಗೆ ತಿಳಿಯಿತು. ಒಂದು ಎಲೆಗೆ ಮೂರು ಹೆಸರುಗಳಿರುವುದು ನಮ್ಮ ನೆಲದ ಸಿರಿ.

ಅಕ್ಷರಗಳ ಕ್ರಮವನ್ನು ಋತುಗಳು ಒಪ್ಪಲಿಲ್ಲ. ಪಕಾರದ ಪತ್ರೊಡೆ ಕೆಸುವಿನ ಎಲೆ ಚಿಗುರುವ ಮಳೆಗಾಗಿ ಕಾಯಿತು. ಮಕಾರದ ಮಾಂಬಳಕ್ಕೆ ಬಿರುಬಿಸಿಲೇ ಬೇಕಾದುದರಿಂದ ಅದು ಸರದಿಯನ್ನು ಮೀರಿ ಮೊದಲೇ ಚಾಪೆಯ ಮೇಲೆ ಒಣಗಿತು. ಣಕಾರಕ್ಕೆ ಅನಾನಸಿನ ಮೆಣಸ್ಕಾಯಿ ನೆರವಾಯಿತು. ಳಕಾರಕ್ಕೆ ಹಲಸಿನ ಹಪ್ಪಳ.

ಖ, ಘ, ಛ, ಝ, ಠ, ಢ, ಥ, ಧ, ಫ, ಭ ಎಂಬ ಮಹಾಪ್ರಾಣಗಳ ಮುಂದೆ ಮಾತ್ರ ನಮ್ಮ ಪಟ್ಟಿ ಬಹುತೇಕ ಬರಿದಾಗಿಯೇ ಉಳಿಯಿತು. ಆ ಬರಿದುತನವೇ ಒಂದು ಪಾಠ. ಅಚ್ಚಗನ್ನಡದಲ್ಲಿ ಮಹಾಪ್ರಾಣಗಳು ವಿರಳ. ಅವು ಹೆಚ್ಚಾಗಿ ಬಂದುದು ಸಂಸ್ಕೃತ ಮೊದಲಾದ ಭಾಷೆಗಳ ಪದಗಳೊಡನೆ. ದೋಸೆ, ಕಡುಬು, ಕೊಟ್ಟಿಗೆ, ಗೊಜ್ಜು, ಮೇಲಾರಗಳ ಅಡುಗೆಮನೆ ಇಂದಿಗೂ ನಾಡನುಡಿಯಲ್ಲೇ ಮಾತಾಡುತ್ತಿದೆ ಎಂಬುದನ್ನು ವ್ಯಾಕರಣ ಪುಸ್ತಕವಿಲ್ಲದೆಯೇ ಮಗಳು ಕಂಡುಕೊಂಡಳು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಜಾರಿಗೆ ಬಂದ ಸಂವಿಧಾನದ 7ನೆಯ ತಿದ್ದುಪಡಿ 350ಎ ವಿಧಿಯನ್ನು ನೀಡಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯವು ಯತ್ನಿಸಬೇಕೆಂದು ಅದು ವಿಧಿಸುತ್ತದೆ. ಕನ್ನಡ ಬಲ್ಲ ಅಧ್ಯಾಪಕರಿಗಾಗಿ, ಪಠ್ಯಪುಸ್ತಕಗಳಿಗಾಗಿ ನಾವು ಆ ವಿಧಿಯನ್ನು ಹಿಡಿದು ಕೇಳಲೇಬೇಕು. ಆದರೆ ಮೇಲಾರವೆಂದರೇನೆಂದು ಅರಿಯದ ಮಗುವಿಗೆ ಆ ಪದವನ್ನು ಯಾವ ನ್ಯಾಯಾಲಯವೂ ದೊರಕಿಸಿಕೊಡಲಾರದು. ಮಾಡುವವರಿಲ್ಲದ ಅಡುಗೆಯೊಡನೆ ಅದರ ಹೆಸರೂ ಅಳಿಯುತ್ತದೆ.

ಹೆತ್ತವರು ಮುಂದಿನ ರಜೆಯಲ್ಲಿ ಮಕ್ಕಳ ಕೈಗೆ ಒಂದು ನೋಟುಪುಸ್ತಕ ಕೊಟ್ಟು, ಅಜ್ಜಿಯ ಪಕ್ಕದಲ್ಲಿ ಕೂರಿಸಿ ನೋಡಲಿ. ಅಡುಗೆಯ ಹೆಸರು, ಅಳತೆ, ಸಾಮಗ್ರಿ ದೊರೆತ ಸ್ಥಳ, ಇಷ್ಟನ್ನು ಮಗು ತನ್ನ ಕೈಯಲ್ಲೇ ಬರೆಯಲಿ. ನಮ್ಮ ಪುಸ್ತಕದಲ್ಲಿ ಈಕಾರದ ಪುಟ ಇನ್ನೂ ಖಾಲಿಯಿದೆ. ನಿಮ್ಮ ಮನೆಯಲ್ಲಿ ಅದಕ್ಕೊಂದು ತಿನಿಸಿದ್ದರೆ ಈ ಪತ್ರಿಕೆಗೆ ಬರೆದು ತಿಳಿಸಿ. ಮಾಡಿ ಉಣ್ಣಲು ನಾವು ಸಿದ್ಧರಿದ್ದೇವೆ.