ಅಜ್ಜನ ಮಳೆ ಪುಸ್ತಕ, ಅಂಟಾರ್ಕ್ಟಿಕಾದ ಕಡಲು

ಆಫೀಸಿನಲ್ಲಿ ಹೊಸ ಡೇಟಾಬೇಸ್ ಒಂದನ್ನು ಕಲಿಯಬೇಕಾಗಿ ಬಂತು. ಅಭ್ಯಾಸಕ್ಕೆ ಅಂತ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ದೊಡ್ಡ ಡೇಟಾ ಹುಡುಕುತ್ತಿದ್ದೆ. ಜೊತೆಗೆ ಕೆಲಸ ಮಾಡುವ ಹುಡುಗಿಯೊಬ್ಬಳು, "ಆರ್ಗೋ ನೋಡೋ, ಸಮುದ್ರದ ಡೇಟಾ. ಎಷ್ಟು ಬೇಕಾದ್ರೂ ಸಿಗುತ್ತೆ" ಅಂದಳು. ಹಾಗಾಗಿ ಒಂದು ಶನಿವಾರ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಅಂಟಾರ್ಕ್ಟಿಕಾ ಪಕ್ಕದ ವೆಡೆಲ್ ಸಮುದ್ರದಲ್ಲಿ ತೇಲುವ ಒಂದು ಯಂತ್ರದ ಫೈಲ್ ತೆರೆದುಕೊಂಡು ಕೂತೆ.

ಫೈಲ್ ಅಂದರೆ ಬರೀ ಅಂಕಿಗಳು. ಆಳ, ಉಷ್ಣತೆ, ಉಪ್ಪಿನಂಶ, ಯಂತ್ರ ಇದ್ದ ಜಾಗ. ಆದರೆ ಪ್ರತಿ ಅಂಕಿಯ ಜೊತೆಗೂ ಇನ್ನೊಂದು ಒಂಟಿ ಅಂಕಿ ಇತ್ತು. ಹೆಚ್ಚಿನ ಕಡೆ 1. ಕೆಲವು ತಿಂಗಳಲ್ಲಿ ಮಾತ್ರ, ಜಾಗ ತೋರಿಸುವ ಕಾಲಂನಲ್ಲಿ ಸಾಲಾಗಿ 8, 8, 8. ಏನಿದು ಅಂತ ಕೈಪಿಡಿ ತೆಗೆದು ನೋಡಿದೆ. 1 ಅಂದರೆ 'ಸರಿಯಾಗಿದೆ'. 4 ಅಂದರೆ 'ಕೆಟ್ಟ ಅಳತೆ'. 9 ಅಂದರೆ 'ಅಳತೆ ಇಲ್ಲ'. 8 ಅಂದರೆ 'ಇದು ಅಳೆದದ್ದಲ್ಲ, ಅಂದಾಜು'.

ಓದಿದವನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ನೆನಪಿಗೆ ಬಂದದ್ದು ಸಮುದ್ರವಲ್ಲ, ಮೂಡಿಗೆರೆ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಅಜ್ಜ ಇಟ್ಟಿದ್ದ ಮಳೆ ಪುಸ್ತಕ.

ಕಾಫಿ ತೋಟದವರಿಗೆ ಇದು ಹೊಸದಲ್ಲ. ಅಂಗಳದಲ್ಲೊಂದು ರೈನ್ ಗೇಜ್, ಬೆಳಗ್ಗೆ ಎಂಟಕ್ಕೆ ಅಳತೆ, 'ಎರಡು ಇಂಚು ಮೂವತ್ತೇಳು ಸೆಂಟು' ಅಂತ ಪುಸ್ತಕದಲ್ಲಿ ಒಂದು ಸಾಲು. ಅಜ್ಜ 1969ರಿಂದ ಬರೆದಿದ್ದರು. 2009ರ ಜುಲೈನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅಪ್ಪ ಅವರ ಜೊತೆ ಆಸ್ಪತ್ರೆಯಲ್ಲಿ. ಅಳತೆ ಬರೆಯುವ ಕೆಲಸ ಹೈಸ್ಕೂಲ್ ಓದುತ್ತಿದ್ದ ನನ್ನ ಪಾಲಿಗೆ ಬಂತು. ಮೂರು ದಿನ ಬರೆದೆ. ಆಮೇಲೆ ಆ ಜಡಿಮಳೆ, ಆ ಜಿಗಣೆ, ಆ ಚಳಿಯಲ್ಲಿ ಹೊರಗೆ ಹೋಗಲು ಬೇಜಾರಾಗಿ ಬಿಟ್ಟೇಬಿಟ್ಟೆ. ಅಜ್ಜ ಬರುವ ಹಿಂದಿನ ರಾತ್ರಿ ಕೂತು ಹನ್ನೊಂದು ದಿನದ ಮಳೆಯನ್ನು ನಾನೇ ಸುರಿಸಿದೆ!

ಅಜ್ಜ ಬಂದು ಮಂಚದ ಮೇಲೆ ಕಾಲು ಚಾಚಿಕೊಂಡೇ ಪುಸ್ತಕ ತರಿಸಿಕೊಂಡರು. ಒಂದು ನಿಮಿಷ ನೋಡಿ, "ಏನೋ, ಮಳೆ ಐದರ ಮಗ್ಗಿ ಕಲಿತ್ಕೊಂಡು ಬಂದಿತ್ತಾ?" ಅಂದರು. ನನ್ನ ಅಂಕಿಗಳೆಲ್ಲ ಸೊನ್ನೆಯಲ್ಲೋ ಐದರಲ್ಲೋ ಮುಗಿದಿದ್ದವು. ಬೈಯಲಿಲ್ಲ. ಕೆಂಪು ಪೆನ್ನಿನಲ್ಲಿ ಹನ್ನೊಂದು ಸಾಲಿಗೂ ಗೆರೆ ಎಳೆದು, ಪಕ್ಕದಲ್ಲಿ 'ಅಳೆದಿಲ್ಲ' ಅಂತ ಬರೆದರು. "ಸುಳ್ಳು ಲೆಕ್ಕಕ್ಕಿಂತ ಖಾಲಿ ಜಾಗ ವಾಸಿ ಕಣೋ. ಖಾಲಿ ಇದ್ರೆ ಮುಂದೆ ನೋಡೋನು ಹುಷಾರಾಗಿರ್ತಾನೆ. ಸುಳ್ಳು ಇದ್ರೆ ನಂಬ್ಕೊಂಡು ಹಾಳಾಗ್ತಾನೆ" ಅಂದರು. ಹದಿನಾಲ್ಕು ವರ್ಷದ ಹುಡುಗನಿಗೆ ಅವಮಾನ ಅನ್ನಿಸಿತೇ ಹೊರತು ಅರ್ಥ ಆಗಲಿಲ್ಲ.

ಅರ್ಥ ಆಗಿದ್ದು ಆ 8ರ ಸಾಲು ನೋಡಿದಾಗ.

ಆರ್ಗೋ ಯಂತ್ರದ ಕೆಲಸ ಸರಳ. ಆಳೆತ್ತರಕ್ಕಿಂತ ಸ್ವಲ್ಪ ಚಿಕ್ಕದಾದ ಒಂದು ಕೊಳವೆ, ಒಳಗೆ ಬ್ಯಾಟರಿ, ತಲೆಯ ಮೇಲೆ ಸೆನ್ಸರ್ ಮತ್ತು ಆಂಟೆನಾ. ಇಂಗ್ಲಿಷಿನಲ್ಲಿ ಫ್ಲೋಟ್ ಅಂತಾರೆ. ಅದು 1,000 ಮೀಟರ್ ಆಳಕ್ಕೆ ಇಳಿದು, ಸುಮಾರು ಒಂಬತ್ತು ದಿನ ನೀರು ಒಯ್ದ ಕಡೆ ಹೋಗುತ್ತದೆ. ಆಮೇಲೆ 2,000 ಮೀಟರ್‌ಗೆ ಇಳಿದು, ಅಲ್ಲಿಂದ ಉಷ್ಣತೆ, ಉಪ್ಪು ಅಳೆಯುತ್ತಾ ಮೇಲಕ್ಕೆ ಏರುತ್ತದೆ. ಮೇಲೆ ಬಂದು ಉಪಗ್ರಹಕ್ಕೆ ಲೆಕ್ಕ ಒಪ್ಪಿಸಿ ಮತ್ತೆ ಮುಳುಗುತ್ತದೆ. ಹತ್ತು ದಿನಕ್ಕೊಂದು ಸುತ್ತು, ಬ್ಯಾಟರಿ ಇರುವವರೆಗೆ ವರ್ಷಗಟ್ಟಲೆ. 2007ರ ನವೆಂಬರ್‌ನಲ್ಲಿ ಇಂಥವು 3,000 ಆದವು, ಈಗ ಸುಮಾರು 4,000 ಇವೆ. ಬಿಟ್ಟವರು ಯಾವುದೋ ಒಂದು ದೇಶದವರಲ್ಲ, ಮೂವತ್ತರ ಆಸುಪಾಸಿನಷ್ಟು ದೇಶಗಳು. ನಮ್ಮ ದೇಶವೂ ಇದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ನಮ್ಮ ಕಡೆಯ ಲೆಕ್ಕ ನೋಡಿಕೊಳ್ಳುತ್ತದೆ.

ಬೇರೆ ಸಮುದ್ರದಲ್ಲಿ ಇದು ಸುಲಭ. ಅಂಟಾರ್ಕ್ಟಿಕಾದ ಸುತ್ತ ಸುಲಭವಲ್ಲ. ಅಲ್ಲಿ ಫೆಬ್ರವರಿಯಲ್ಲಿ ಸುಮಾರು 30 ಲಕ್ಷ ಚದರ ಕಿಲೋಮೀಟರಿನಷ್ಟು ಇರುವ ಕಡಲಹಿಮ, ಸೆಪ್ಟೆಂಬರ್ ಹೊತ್ತಿಗೆ ಸುಮಾರು 180 ಲಕ್ಷ ಚದರ ಕಿಲೋಮೀಟರಿಗೆ ಹರಡುತ್ತದೆ. ಕೆಳಗಿನಿಂದ ಏರಿ ಬಂದ ಯಂತ್ರ ಮಂಜುಗಡ್ಡೆಗೆ ತಲೆ ಚಚ್ಚಿಕೊಂಡರೆ ಆಂಟೆನಾ ಮುರಿದು, ಅಲ್ಲಿಗೆ ಅದರ ಕಥೆ ಮುಗಿಯಿತು.

ಜರ್ಮನಿಯ ಬ್ರೆಮರ್‌ಹಾವೆನ್‌ನಲ್ಲಿರುವ ಆಲ್ಫ್ರೆಡ್ ವೆಗನರ್ ಸಂಸ್ಥೆಯವರು ಇದಕ್ಕೊಂದು ಉಪಾಯ ಕಂಡುಕೊಂಡರು. ಹೊಸ ಸೆನ್ಸರ್ ಏನೂ ಅಲ್ಲ, ಕೆಲವೇ ಸಾಲಿನ ಪ್ರೋಗ್ರಾಂ. ಉಪ್ಪುನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ, ಸುಮಾರು ಮೈನಸ್ 1.9ಕ್ಕೆ ಹೆಪ್ಪುಗಟ್ಟುತ್ತದೆ. ಹಾಗಾಗಿ ಯಂತ್ರ ಮೇಲೇರುವಾಗ 50 ಮೀಟರಿನಿಂದ 20 ಮೀಟರ್ ನಡುವಿನ ನೀರನ್ನು ನೋಡುತ್ತದೆ. ಅಲ್ಲಿನ ಉಷ್ಣತೆ ಮೈನಸ್ 1.79 ಡಿಗ್ರಿಗಿಂತ ಕೆಳಗಿದ್ದರೆ ಮೇಲೆ ಹಿಮ ಇದೆ ಎಂದುಕೊಂಡು, ಲೆಕ್ಕವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ವಾಪಸ್ ಇಳಿಯುತ್ತದೆ. ಹತ್ತು ದಿನ ಬಿಟ್ಟು ಮತ್ತೆ ಬಂದು ನೋಡುತ್ತದೆ. ಹೀಗೆ ಚಳಿಗಾಲವಿಡೀ ಕಾದು, ಹಿಮ ಕರಗಿದ ಮೇಲೆ ತಲೆ ಎತ್ತಿ ಅಷ್ಟೂ ತಿಂಗಳ ಲೆಕ್ಕ ಒಪ್ಪಿಸುತ್ತದೆ. ದಿನಾ ಕೋಡ್ ಬರೆಯುವ ನನಗೆ ಇಷ್ಟು ಚಿಕ್ಕ 'ಇಫ್' ಒಂದು ಇಷ್ಟು ದೊಡ್ಡ ಕೆಲಸ ಮಾಡಿದ್ದು ನೋಡಿ ಖುಷಿಯಾಯಿತು.

ಆದರೆ ಹಿಮದ ಕೆಳಗಿದ್ದಷ್ಟು ದಿನ ಜಿಪಿಎಸ್ ಸಿಗುವುದಿಲ್ಲ. ಯಂತ್ರ ಎಲ್ಲಿತ್ತು? ಕೊನೆಗೆ ಕಂಡ ಜಾಗಕ್ಕೂ ಮತ್ತೆ ಕಂಡ ಜಾಗಕ್ಕೂ ನಡುವೆ ಗೆರೆ ಎಳೆದು ಅಂದಾಜು ಮಾಡುತ್ತಾರೆ. ಅಂದಾಜು ಮಾಡಿದೆವು ಅಂತ 8 ಹಾಕುತ್ತಾರೆ. ನಾನೂ ಅಂದಾಜೇ ಮಾಡಿದ್ದೆ. ಅವರು ಹೇಳಿ ಮಾಡಿದರು, ನಾನು ಮುಚ್ಚಿಟ್ಟು ಮಾಡಿದೆ.

ಅಷ್ಟು ದೂರದ ತಣ್ಣನೆ ನೀರಿನ ಲೆಕ್ಕ ಯಾಕೆ ಬೇಕು ಅಂತ ನಮ್ಮಮ್ಮ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಭೂಮಿಯಲ್ಲಿ ಹೆಚ್ಚುವರಿಯಾಗಿ ಸೇರುತ್ತಿರುವ ಶಾಖದಲ್ಲಿ ಶೇ. 90ರಷ್ಟು ಹೋಗುವುದು ಸಮುದ್ರದೊಳಕ್ಕೆ. ಅದರಲ್ಲಿ ಅಂಟಾರ್ಕ್ಟಿಕಾ ಸುತ್ತಲಿನ ಸಾಗರದ ಪಾಲು ದೊಡ್ಡದು. ವೆಡೆಲ್ ಸಮುದ್ರದಂಥ ಕಡೆ ತೀರಾ ತಣ್ಣಗಾದ, ಉಪ್ಪಾದ ನೀರು ಭಾರವಾಗಿ ತಳಕ್ಕೆ ಇಳಿದು, ಅಲ್ಲಿಂದ ನಿಧಾನವಾಗಿ ಲೋಕದ ಸಾಗರಗಳ ತಳಕ್ಕೆಲ್ಲ ಹರಡುತ್ತದೆ. ನಮ್ಮ ಹಿಂದೂ ಮಹಾಸಾಗರದ ತಳದ ನೀರೂ ಆ ಕಡೆಯಿಂದ ಬಂದದ್ದೇ. ಇದೆಲ್ಲ ಹತ್ತಾರು ವರ್ಷದಲ್ಲಿ, ಡಿಗ್ರಿಯ ನೂರನೇ ಭಾಗದಷ್ಟು ಬದಲಾಗುವ ಸಂಗತಿ. ಒಂದೆರಡು ವರ್ಷ ಅಳೆದರೆ ಏನೂ ಗೊತ್ತಾಗುವುದಿಲ್ಲ. "ಹಂಗಾದ್ರೆ ನಿಮ್ಮಜ್ಜನ ಥರ ಕೂತು ಬರೀತಾನೇ ಇರ್ಬೇಕು ಅನ್ನು" ಅಂದರು ಅಮ್ಮ. ಹೌದು, ಅಷ್ಟೇ.

ಯಂತ್ರ ಹೋಗದ ಕಡೆ ಪ್ರಾಣಿಗಳೂ ಬರೆಯುತ್ತವೆ. ಕೆರ್ಗೆಲೆನ್ ಎಂಬ ಫ್ರಾನ್ಸಿನ ದ್ವೀಪದಲ್ಲಿ ಎಲಿಫೆಂಟ್ ಸೀಲ್‌ಗಳ ತಲೆಯ ಕೂದಲಿಗೆ ಚಿಕ್ಕ ಸೆನ್ಸರ್ ಅಂಟಿಸಿ ಬಿಡುತ್ತಾರೆ. ಅವು ಮೀನು ಹುಡುಕಿಕೊಂಡು ನೂರಾರು ಮೀಟರ್ ಆಳಕ್ಕೆ, ಹಿಮದ ಅಂಚಿಗೆ, ಅದರ ಕೆಳಕ್ಕೂ ಹೋಗಿ ಬರುತ್ತವೆ. ಉಸಿರಾಡಲು ಮೇಲೆ ಬಂದಾಗ ಲೆಕ್ಕ ಉಪಗ್ರಹಕ್ಕೆ ಹೋಗುತ್ತದೆ. ವರ್ಷಕ್ಕೊಮ್ಮೆ ಕೂದಲು ಉದುರುವಾಗ ಸೆನ್ಸರ್ ತಾನಾಗಿ ಬಿದ್ದುಹೋಗುತ್ತದೆ. ಆ ಸೆನ್ಸರ್ ರೂಪಿಸಿದ್ದು ಸ್ಕಾಟ್ಲೆಂಡಿನವರು. ಸೀಲ್ ಮಾತ್ರ ಯಾವ ದೇಶದ್ದೂ ಅಲ್ಲ!

ಇಷ್ಟೆಲ್ಲ ಜನ ಸೇರಿ ಬರೆದ ಲೆಕ್ಕದಲ್ಲಿ ತಪ್ಪೂ ಆಗಿದೆ. 2006ರಲ್ಲಿ ಲೈಮನ್, ವಿಲ್ಲಿಸ್, ಜಾನ್ಸನ್ ಎಂಬ ಮೂವರು ವಿಜ್ಞಾನಿಗಳು, 2003ರಿಂದ 2005ರವರೆಗೆ ಸಾಗರದ ಮೇಲ್ಪದರ ತಣ್ಣಗಾಗಿದೆ ಎಂದು ಪ್ರಬಂಧ ಬರೆದರು. ಎಲ್ಲರಿಗೂ ಆಶ್ಚರ್ಯ. ಆಮೇಲೆ ನೋಡಿದರೆ, ಅಟ್ಲಾಂಟಿಕ್‌ನಲ್ಲಿದ್ದ ಒಂದು ಗುಂಪಿನ ಫ್ಲೋಟ್‌ಗಳು ಉಷ್ಣತೆಯನ್ನು ತಪ್ಪು ಆಳದ ಜೊತೆ ಜೋಡಿಸಿದ್ದವು. ಬೇರೆ ಬಗೆಯ ಹಳೇ ಉಪಕರಣದ ಅಳತೆಯಲ್ಲೂ ದೋಷವಿತ್ತು. ಮರುವರ್ಷ ಅದೇ ಲೇಖಕರು ತಣ್ಣಗಾಗಿಲ್ಲ ಎಂದು ತಿದ್ದುಪಡಿ ಬರೆದರು. ಡೇಟಾ ಎಲ್ಲರ ಮುಂದೆ ಬಿಚ್ಚಿಟ್ಟಿದ್ದರಿಂದ ತಪ್ಪು ಸಿಕ್ಕಿತು. ಒಂದು ದೇಶದ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೆ ಅದು ಎಷ್ಟು ವರ್ಷ ಹಾಗೇ ಉಳಿಯುತ್ತಿತ್ತೋ.

ಹೀಗೆ ಬಿಚ್ಚಿಡುವ ಪದ್ಧತಿ ಅಂಟಾರ್ಕ್ಟಿಕಾದಲ್ಲಿ ಹಳೆಯದು. 1959ರ ಡಿಸೆಂಬರ್ 1ರಂದು 12 ದೇಶಗಳು ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಸಹಿ ಹಾಕಿದವು. ವಿಜ್ಞಾನಿಗಳು ಅಲ್ಲಿ ಕಂಡದ್ದನ್ನು ಪರಸ್ಪರ ಹಂಚಿಕೊಳ್ಳಬೇಕು, ಎಲ್ಲರಿಗೂ ಸಿಗುವಂತೆ ಮಾಡಬೇಕು ಅಂತ ಅದರ ಮೂರನೇ ವಿಧಿ ಹೇಳುತ್ತದೆ. ಸಹಿ ಹಾಕಿದವರಲ್ಲಿ ಅಮೆರಿಕವೂ ಇತ್ತು, ಸೋವಿಯತ್ ಒಕ್ಕೂಟವೂ ಇತ್ತು. ಒಬ್ಬರ ಮೇಲೊಬ್ಬರು ಬಾಂಬು ಗುರಿಯಿಟ್ಟು ಕೂತಿದ್ದ ಕಾಲ ಅದು. ಭಾರತ 1983ರಲ್ಲಿ ಸೇರಿತು.

ಉತ್ತರ ಧ್ರುವದ ಕಡೆಯೂ ನಮ್ಮವರದೊಂದು ಮಳೆ ಪುಸ್ತಕ ಇದೆ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಕಾಂಗ್ಸ್‌ಫ್ಯೋರ್ಡ್ ಅಂತ ಒಂದು ಕಡಲ ಚಾಚು. ದಡದಲ್ಲಿ ನಮ್ಮ 'ಹಿಮಾದ್ರಿ' ಸಂಶೋಧನಾ ಕೇಂದ್ರ, 2008ರಲ್ಲಿ ಶುರುವಾದದ್ದು. 2014ರ ಜುಲೈನಲ್ಲಿ ಗೋವಾ ಮತ್ತು ಚೆನ್ನೈನ ಸಂಸ್ಥೆಗಳ ವಿಜ್ಞಾನಿಗಳು ಅಲ್ಲಿ 192 ಮೀಟರ್ ಆಳದಲ್ಲಿ 'ಇಂಡ್‌ಆರ್ಕ್' ಎಂಬ ವೀಕ್ಷಣಾಲಯ ಇಳಿಸಿದರು. ತಳದಲ್ಲಿ ಲಂಗರು, ಅದರಿಂದ ಮೇಲಕ್ಕೆ ಹಗ್ಗ, ಹಗ್ಗದುದ್ದಕ್ಕೂ ಸೆನ್ಸರ್‌ಗಳು. ಇಳಿಸಿದ ಹಡಗು ನಾರ್ವೆಯವರದ್ದು. ಅದನ್ನು ಕಾಲಕಾಲಕ್ಕೆ ಮೇಲೆತ್ತಿ, ಡೇಟಾ ತೆಗೆದುಕೊಂಡು, ಬ್ಯಾಟರಿ ಬದಲಿಸಿ ಮತ್ತೆ ಇಳಿಸಬೇಕು. ಆ ಕಡಲಿಗೂ ನಮ್ಮ ಮುಂಗಾರಿಗೂ ಏನು ನಂಟು ಎಂಬುದು ಅವರ ಪ್ರಶ್ನೆಗಳಲ್ಲೊಂದು. ಉತ್ತರ ಬೇಗ ಸಿಗುವಂಥದ್ದಲ್ಲ. ಅದಕ್ಕೇ ತಪ್ಪದೆ ಬರೆಯಬೇಕು.

ತಪ್ಪುವುದು ಎಷ್ಟು ಸುಲಭ ಅಂತ 2022ರಲ್ಲಿ ಕಂಡಿತು. ರಷ್ಯಾ ಉಕ್ರೇನ್ ಮೇಲೆ ಯುದ್ಧಕ್ಕೆ ಹೋದ ಮೇಲೆ, ಆರ್ಕ್ಟಿಕ್ ಕೌನ್ಸಿಲ್‌ನ ಎಂಟು ದೇಶಗಳಲ್ಲಿ ಉಳಿದ ಏಳು, ಸಭೆಗಳಿಂದ ಹಿಂದೆ ಸರಿದವು. ಕೆಲವು ಕೆಲಸ ಆಮೇಲೆ ನಿಧಾನವಾಗಿ ಶುರುವಾದರೂ, ರಷ್ಯಾದ ವಿಜ್ಞಾನಿಗಳ ಜೊತೆ ಪಶ್ಚಿಮದ ಎಷ್ಟೋ ಸಂಸ್ಥೆಗಳ ಒಡನಾಟ ಮುರಿಯಿತು. ಆರ್ಕ್ಟಿಕ್ ಕರಾವಳಿಯಲ್ಲಿ ಸುಮಾರು ಅರ್ಧ ರಷ್ಯಾದ್ದೇ. ಯುದ್ಧ ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ನಿಂತ ಅಳತೆಯನ್ನು ಮುಂದೆ ಯಾರು ರಾಜಿಯಾದರೂ ಹಿಂದಕ್ಕೆ ಹೋಗಿ ಅಳೆದು ಬರುವುದಕ್ಕೆ ಆಗುವುದಿಲ್ಲ. ಆ ಜಾಗದಲ್ಲಿ 9 ಅಂತಲೇ ಉಳಿಯುತ್ತದೆ.

ಅಜ್ಜನ ಕಥೆಗೆ ಇನ್ನೊಂದು ತುದಿ ಇದೆ. ಅವತ್ತು 'ಅಳೆದಿಲ್ಲ' ಅಂತ ಬರೆದ ಮೇಲೆ ಅವರು ನನ್ನನ್ನು ಪಕ್ಕದ ತೋಟಕ್ಕೆ ಕಳಿಸಿದರು, ಅವರ ಹನ್ನೊಂದು ದಿನದ ಅಳತೆ ಕೇಳಿಕೊಂಡು ಬಾ ಅಂತ. ನನಗೆ ಗಾಬರಿ. ಬೇಲಿಯ ವಿಷಯಕ್ಕೆ ಆ ಮನೆಯವರ ಜೊತೆ ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು, ಎಷ್ಟೋ ವರ್ಷದಿಂದ ಮಾತಿಲ್ಲ. "ಬೇಲಿ ಬೇರೆ, ಮಳೆ ಬೇರೆ. ಹೋಗು" ಅಂದರು ಅಜ್ಜ. ಹೋದೆ. ಆ ಮನೆಯ ಯಜಮಾನರು ಒಂದು ಮಾತೂ ಆಡದೆ ಕನ್ನಡಕ ಹಾಕಿಕೊಂಡು, ತಮ್ಮ ಪುಸ್ತಕ ನೋಡಿ, ಚೀಟಿಯಲ್ಲಿ ಹನ್ನೊಂದೂ ಅಂಕಿ ಬರೆದುಕೊಟ್ಟರು. ಕೊಡುವಾಗ, "ಕಾಲು ಹೆಂಗಿದೆ ಅಂತೆ?" ಅಂತ ಮಾತ್ರ ಕೇಳಿದರು. ಅಜ್ಜ ಆ ಅಂಕಿಗಳನ್ನು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದು, ಮೇಲೆ 'ಪಕ್ಕದ ತೋಟದ್ದು' ಅಂತ ಗುರುತು ಹಾಕಿದರು.

ಈಗ ಅಜ್ಜ ಇಲ್ಲ. ಕೇಸು ಇನ್ನೂ ಇದೆ. ಮೊಬೈಲಿನಲ್ಲೇ ಮಳೆ ಗೊತ್ತಾಗುವಾಗ ಇದೆಲ್ಲ ಯಾಕೆ ಅಂತ ಅಪ್ಪ ಹೋದ ವರ್ಷ ರೈನ್ ಗೇಜ್ ತೆಗೆಸಲು ಹೊರಟಿದ್ದರು. ಆ ಶನಿವಾರದ ಮಾರನೇ ದಿನ ಫೋನ್ ಮಾಡಿ, "ಅಪ್ಪಾ, ದಯವಿಟ್ಟು ತೆಗೀಬೇಡಿ" ಅಂದೆ. "ನಿಂಗ್ಯಾಕೋ ಇದ್ದಕ್ಕಿದ್ದಂಗೆ?" ಅಂದರು. ಅಂಟಾರ್ಕ್ಟಿಕಾದಿಂದ ಶುರು ಮಾಡಿ ಹೇಳಿದೆ. ಅರ್ಧ ಗಂಟೆ ಕೇಳಿಸಿಕೊಂಡು, "ಆಯ್ತು ಬಿಡು, ಎಂಟು ಗಂಟೆಗೆ ಹೆಂಗೂ ಎದ್ದಿರ್ತೀನಿ" ಅಂದರು.

ಕಳೆದ ಸಲ ಊರಿಗೆ ಹೋದಾಗ ಪುಸ್ತಕಗಳನ್ನೆಲ್ಲ ಫೋಟೊ ತೆಗೆದುಕೊಂಡು ಬಂದೆ. ವಾರಕ್ಕೆ ಒಂದಿಷ್ಟು ಪುಟ ಕಂಪ್ಯೂಟರಿಗೆ ಹಾಕುತ್ತಿದ್ದೇನೆ. ಪ್ರತಿ ಅಳತೆಯ ಪಕ್ಕದಲ್ಲಿ ಗುರುತಿಗೆ ಒಂದು ಕಾಲಂ. ಹೋದ ಭಾನುವಾರ 2009ರ ಜುಲೈ ಬಂತು. ಹನ್ನೊಂದು ಸಾಲಿಗೆ 9 ಹಾಕಿದೆ. ಪಕ್ಕದ ತೋಟದ ಅಂಕಿಗಳಿಗೆ ಬೇರೆಯೇ ಕಾಲಂ ಮಾಡಿದೆ.