ನಾದಕ್ಕೆ ಭೇದವೆಲ್ಲಿ?

‘ಹೆಣ್ಣುಮಗುವಿನ ಕೈಗೆ ತಂಬೂರಿ ಒಪ್ಪೀತು, ತಬಲಾ ಒಪ್ಪದು’ ಎಂದು ಹಿಂದೊಮ್ಮೆ ಮಗಳ ಆಸೆಯನ್ನು ಚಿವುಟಿದವನು ನಾನು. ಕಳೆದ ಬೇಸಗೆಯಲ್ಲಿ ಆಕೆಯೇ ನನಗೆ ಜಪಾನಿನ ‘ಷೋ-ಯಾ’ ಎಂಬ ಐವರು ಸ್ತ್ರೀಯರ ಹಾರ್ಡ್ ರಾಕ್ ಮೇಳವನ್ನು ಕೇಳಿಸಿದಳು. ಮೊದಲಿಗೆ ಕರ್ಣಕಠೋರವೆನಿಸಿತು, ಭಾಷೆಯಂತೂ ಅರಿಯದು. ಆದರೂ ಗಾಯಕಿ ತೆರಾದಾ ಕೇಯ್ಕೋ ಅವರ ಕಂಠದಲ್ಲಿ ವೀರರಸವನ್ನು ಗುರುತಿಸಲು ನಿಘಂಟು ಬೇಕಾಗಲಿಲ್ಲ. ಡ್ರಮ್ಮು ಬಾರಿಸುವವರೂ ಹೆಣ್ಣುಮಗಳೇ.

1985ರಲ್ಲಿ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದ ಇವರು, 1987ರಲ್ಲಿ ಟೋಕಿಯೋದ ಹಿಬಿಯಾ ಬಯಲು ರಂಗಮಂದಿರದಲ್ಲಿ ಸ್ತ್ರೀಯರದೇ ಆದ ರಾಕ್ ಸಂಗೀತೋತ್ಸವವನ್ನು ಆರಂಭಿಸಿದರು. 1991ರಲ್ಲಿ ತೆರಾದಾ ಮೇಳವನ್ನು ತೊರೆದರು; 1998ರಲ್ಲಿ ಮೇಳವೇ ಚದುರಿತು; 2005ರಲ್ಲಿ ಮತ್ತೆ ಕೂಡಿತು.

ಚದುರಿದ ಮೇಳ ಕೂಡಬಹುದು. ಮಗಳ ಬಾಲ್ಯವನ್ನು ನಾನು ಮರಳಿಸಲಾರೆ. ಮೊಮ್ಮಗಳಿಗೆ ಮಾತ್ರ ಈ ಯುಗಾದಿಗೆ ತಬಲಾ ಜೋಡಿಯೊಂದನ್ನು ಕೊಡಿಸಿದ್ದೇನೆ.