ನಿನ್ನೆಯ ಲೆಕ್ಕ, ನಾಳೆಯ ನಿಯಮ

ಕಳೆದ ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ಸಾಹಿತ್ಯ ಸಂಘದ ಚುನಾವಣೆ ನಡೆಯುವುದಿತ್ತು. ಸಂಘದ ಅಧ್ಯಕ್ಷರಾಗಿದ್ದ ನಾವು ಹಿಂದಿನ ದಿನ ಕರಿಹಲಗೆಯ ಮೇಲೆ ಹೊಸ ನಿಯಮವೊಂದನ್ನು ಬರೆದೆವು: ‘ಯಾರೂ ಎರಡು ವರ್ಷಗಳಿಗಿಂತ ಹೆಚ್ಚು ಕಾಲ ಪದಾಧಿಕಾರಿಯಾಗಿರಕೂಡದು.’ ಎಂಟು, ಒಂಬತ್ತನೆಯ ತರಗತಿಗಳಲ್ಲಿ ಕಾರ್ಯದರ್ಶಿಯಾಗಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. “ಮಾಷ್ಟ್ರೇ, ನಾನು ಆರಿಸಿ ಬಂದಾಗ ಈ ನಿಯಮ ಇರಲಿಲ್ಲವಲ್ಲ? ಆ ಎರಡು ವರ್ಷಗಳನ್ನು ಈಗ ಲೆಕ್ಕಕ್ಕೆ ಹಿಡಿಯುವುದು ನ್ಯಾಯವೇ?” ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುವೆವೆಂದು ತರಗತಿ ಮುಗಿಸಿದೆವು.

ಆ ರಾತ್ರಿ ಪುಸ್ತಕಗಳನ್ನು ತಿರುವಿದಾಗ, ಇದೇ ಪ್ರಶ್ನೆ ದೊಡ್ಡ ದೊಡ್ಡ ದೇಶಗಳನ್ನೂ ಕಾಡಿದೆಯೆಂದು ತಿಳಿಯಿತು.

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಎರಡು ಅವಧಿ ಮುಗಿಸಿ 1797ರಲ್ಲಿ ತಾವಾಗಿ ಮನೆಗೆ ಹೋದರು. ಅದು ಕಾನೂನಲ್ಲ, ಬರಿಯ ವಾಡಿಕೆಯಾಗಿ ಉಳಿಯಿತು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಈ ವಾಡಿಕೆಯನ್ನು ಮೀರಿ 1932ರಿಂದ 1944ರ ವರೆಗೆ ನಾಲ್ಕು ಸಲ ಆಯ್ಕೆಯಾದರು. ಅವರ ಮರಣಾನಂತರ, 1947ರಲ್ಲಿ ಅಲ್ಲಿಯ ಕಾಂಗ್ರೆಸ್ಸು ಸಂವಿಧಾನಕ್ಕೆ 22ನೆಯ ತಿದ್ದುಪಡಿಯನ್ನು ಸೂಚಿಸಿತು. 1951ರಲ್ಲಿ ಅದು ಜಾರಿಗೆ ಬಂದಿತು. ಎರಡು ಸಲಕ್ಕಿಂತ ಹೆಚ್ಚು ಆಯ್ಕೆ ಕೂಡದು. ಆದರೆ ಸೂಚನೆಯಾದ ಕಾಲದಲ್ಲಿ ಪದವಿಯಲ್ಲಿದ್ದವರಿಗೆ ಇದು ತಗಲದು! ಹೀಗೆ ವಿನಾಯಿತಿ ಪಡೆದವರು ಹ್ಯಾರಿ ಟ್ರೂಮನ್. ಅವರು 1952ರಲ್ಲಿ ಮತ್ತೆ ನಿಲ್ಲಬಹುದಿತ್ತು. ನ್ಯೂ ಹ್ಯಾಂಪ್‌ಷೈರಿನ ಪಕ್ಷದೊಳಗಿನ ಆಯ್ಕೆಯಲ್ಲಿ ಸೋತ ಬಳಿಕ ತಾವು ನಿಲ್ಲುವುದಿಲ್ಲವೆಂದು ಸಾರಿದರು.

ಆಫ್ರಿಕದ ಸೆನೆಗಲ್ ದೇಶದ ಕತೆ ಬೇರೆ. ಅಬ್ದುಲಾಯ್ ವಾಡ್ 2000ದಲ್ಲಿ ಅಧ್ಯಕ್ಷರಾದರು. ಎರಡು ಅವಧಿಗಳ ಮಿತಿಯುಳ್ಳ ಸಂವಿಧಾನ ಅವರ ಕಾಲದಲ್ಲಿಯೇ, 2001ರಲ್ಲಿ ಬಂದಿತು. 2007ರಲ್ಲಿ ಮತ್ತೆ ಗೆದ್ದು, 2012ರಲ್ಲಿ ಮೂರನೆಯ ಅವಧಿಗೆ ನಿಂತರು. ಮೊದಲ ಅವಧಿ ನಿಯಮಕ್ಕಿಂತ ಹಿಂದಿನದು, ಆದುದರಿಂದ ಲೆಕ್ಕಕ್ಕಿಲ್ಲ ಎಂಬುದು ಅವರ ವಾದ. ಸಂವಿಧಾನ ಮಂಡಲಿ ಒಪ್ಪಿತು. ಜನ ಬೀದಿಗಿಳಿದರು, ಪ್ರಾಣಹಾನಿಯೂ ಆಯಿತು. ಕೊನೆಗೆ ಮತದಾರರೇ ಅವರನ್ನು ಸೋಲಿಸಿ ಮಾಕಿ ಸಾಲ್ ಅವರನ್ನು ಆರಿಸಿದರು.

ನಮ್ಮ ದೇಶದಲ್ಲಿ ಪ್ರಧಾನಿಗಾಗಲಿ ಶಾಸಕರಿಗಾಗಲಿ ಇಂತಹ ಮಿತಿ ಇಲ್ಲ. ಆದರೆ ಕೃತ್ಯ ನಡೆದಾಗ ಅಪರಾಧವಲ್ಲದಿದ್ದುದಕ್ಕೆ ಆಮೇಲೆ ಕಾನೂನು ಮಾಡಿ ಶಿಕ್ಷಿಸಕೂಡದೆಂದು ನಮ್ಮ ಸಂವಿಧಾನದ 20ನೆಯ ವಿಧಿ ಹೇಳುತ್ತದೆ. ಹುಡುಗಿಯ ಮಾತಿನ ತಿರುಳೂ ಇದೇ ಅಲ್ಲವೇ? ಹಾಗೆಂದು ಮೊದಲು ತೋರಿತು. ಯೋಚಿಸಿದಾಗ ಭೇದ ಕಂಡಿತು. ಮತ್ತೆ ನಿಲ್ಲಬೇಡವೆನ್ನುವುದು ಶಿಕ್ಷೆಯಲ್ಲ. ಪದವಿ ಯಾರ ಪಿತ್ರಾರ್ಜಿತ ಆಸ್ತಿಯೂ ಅಲ್ಲ. ಜನರು ಕೊಟ್ಟ ಅವಧಿಯನ್ನು ನಡುವೆ ಕತ್ತರಿಸುವುದು ತಪ್ಪು. ಮುಂದಿನ ಸಲಕ್ಕೆ ಹಿಂದಿನ ವರ್ಷಗಳನ್ನು ಎಣಿಸುವುದು ತಪ್ಪಲ್ಲ.

ಮರುದಿನ ಇದನ್ನೆಲ್ಲ ಸಂತೋಷದಿಂದ ವಿವರಿಸಿದೆವು. ಅವಳು ಕೇಳಿ, “ಸರಿ ಮಾಷ್ಟ್ರೇ. ನೀವು ಎಷ್ಟು ವರ್ಷದಿಂದ ಅಧ್ಯಕ್ಷರು?” ಎಂದಳು.

ಹನ್ನೊಂದು ವರ್ಷ! ‘ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ’ ಎಂಬ ಗಾದೆಯನ್ನು ಅದೇ ವಾರ ನಾವೇ ಪಾಠ ಮಾಡಿದ್ದೆವು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಹಿಂದಿನ ವರ್ಷ ಭಿತ್ತಿಪತ್ರಿಕೆಯ ಲೇಖನವೊಂದನ್ನು ನಾವು ತೆಗೆಸಿದಾಗ ಎದುರು ಮಾತಾಡಿದವಳು ಇವಳೇ. ಅವಳನ್ನು ತಡೆಯುವ ಉದ್ದೇಶ ನಮಗಿರಲಿಲ್ಲವೆಂದು ಎದೆ ಮುಟ್ಟಿ ಹೇಳಲಾರೆವು. ನಿಯಮ ಹಿಂದಕ್ಕೆ ಅನ್ವಯಿಸುತ್ತದೆಯೇ ಎಂಬುದಷ್ಟೇ ಸಾಲದು. ಅದು ಯಾರ ಕಡೆಗೆ ಗುರಿಯಿಟ್ಟಿದೆ, ಮಾಡಿದವನಿಗೂ ತಗಲುತ್ತದೆಯೇ ಎಂದು ಕೇಳಬೇಕಾಗಿತ್ತು.

ನಿಯಮವನ್ನು ಅಳಿಸಿ, ನಿರ್ಧಾರವನ್ನು ಸಂಘದ ಸಭೆಗೆ ಬಿಟ್ಟೆವು. ಹಿಂದಿನ ವರ್ಷಗಳು ಎಲ್ಲರಿಗೂ ಲೆಕ್ಕಕ್ಕೆ ಬರಲಿ, ಅಧ್ಯಕ್ಷರಿಗೂ ಬರಲಿ ಎಂದು ಮಕ್ಕಳು ತೀರ್ಮಾನಿಸಿದರು. ಮೊದಲು ಕೈಯೆತ್ತಿದವಳು ಆ ಹುಡುಗಿಯೇ. ಎರಡನೆಯ ಕೈ ನಮ್ಮದು.

ಮಕ್ಕಳೇ, ಹೆತ್ತವರೇ, ಈ ಬಾರಿ ನಾವು ಬರೆದಿರುವುದು ಅಧ್ಯಕ್ಷರಾಗಿ ಅಲ್ಲ, ಸಂಘದ ಒಬ್ಬ ಸದಸ್ಯರಾಗಿ. ಸಂಪಾದಕ ಮಂಡಳಿಯ ಮಕ್ಕಳು ಇದರಲ್ಲಿ ನಾಲ್ಕು ಸಾಲು ತೆಗೆದರೂ ನಮಗೆ ಬೇಸರವಿಲ್ಲ. ಕಾರಣ ಕೇಳುವ ಹಕ್ಕನ್ನು ಮಾತ್ರ ಉಳಿಸಿಕೊಳ್ಳುತ್ತೇವೆ.